ಶಾಲೆಯ ಕಂಪ್ಯೂಟರ್ ಮನೆಯಿಂದ ಯಾಕೆ ಸಿಗುವುದಿಲ್ಲ?

ಉಮರಗಾ, ನಿಲಂಗಾ, ಉದಗೀರ ಭಾಗದಲ್ಲಿ ಕನ್ನಡದಲ್ಲಿ ಕಲಿಸುವವರ ಕೆಲಸ ಎರಡು ಲಿಪಿಗಳಲ್ಲಿ ನಡೆಯುತ್ತದೆ. ಪಾಠ, ಪ್ರಶ್ನಪತ್ರಿಕೆ, ಅಭ್ಯಾಸದ ಹಾಳೆ ಕನ್ನಡದಲ್ಲಿ. ಸರಲ್, ಶಾಲಾರ್ಥ, ಕೇಂದ್ರಪ್ರಮುಖರ ಪತ್ರವ್ಯವಹಾರ ಮರಾಠಿಯಲ್ಲಿ. ಎರಡಕ್ಕೂ ಶಾಲೆಯಲ್ಲಿ ಇರುವುದು ಬಹಳ ಸಲ ಒಂದೇ ಕಂಪ್ಯೂಟರ್. ಅದರಲ್ಲಿ ಹತ್ತು ಹದಿನೈದು ವರ್ಷದ ಪ್ರಶ್ನಪತ್ರಿಕೆಗಳು ಹಳೆಯ ನುಡಿ ಫಾಂಟಿನಲ್ಲೋ, ಶ್ರೀಲಿಪಿಯಲ್ಲೋ ಕೂತಿರುತ್ತವೆ. ಅದೇ ಕಡತವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ತಂದು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ. ಕೆಲವು ಡಿಟಿಪಿ ತಂತ್ರಾಂಶಗಳು ಯುಎಸ್‌ಬಿ ಲಾಕ್ ಚುಚ್ಚಿದ ಆ ಒಂದು ಯಂತ್ರದಲ್ಲಿ ಮಾತ್ರ ನಡೆಯುತ್ತವೆ.

ಹಂಗಾಗಿ ಪರೀಕ್ಷೆ ಹತ್ತಿರ ಬಂದಾಗ, ಇಲ್ಲವೇ ಮಾಹಿತಿ ತುಂಬುವ ಕೊನೆಯ ದಿನ, ಒಂದು ಪ್ರಶ್ನೆ ಏಳುತ್ತದೆ: ಶಾಲೆಯ ಕಂಪ್ಯೂಟರಿನ ಪರದೆಯನ್ನೇ ಮನೆಯಲ್ಲಿ ಕೂತು ನೋಡಲು, ಅದರಲ್ಲೇ ಕೆಲಸ ಮಾಡಲು ಬರುವುದಿಲ್ಲವೇ? ಬರುತ್ತದೆ. ಇದಕ್ಕೆ ದೂರಪ್ರವೇಶ ಅಥವಾ ರಿಮೋಟ್ ಆಕ್ಸೆಸ್ ಅನ್ನುತ್ತಾರೆ. ಆದರೆ ಪ್ರಯತ್ನಿಸಿದ ಅನೇಕರಿಗೆ ಸಿಗುವ ಉತ್ತರ ಒಂದೇ: "ಸಂಪರ್ಕ ಸಾಧ್ಯವಾಗಲಿಲ್ಲ." ಆಮೇಲೆ ಶುರುವಾಗುತ್ತದೆ ಪ್ರಯೋಗ. ಒಬ್ಬರು "ಫೈರ್‌ವಾಲ್ ಬಂದ್ ಮಾಡ್ರಿ" ಅಂತಾರೆ, ಇನ್ನೊಬ್ಬರು "ರೌಟರಿನಾಗ ಪೋರ್ಟ್ ತೆಗೀರಿ" ಅಂತಾರೆ. ಎಲ್ಲ ಮಾಡಿದರೂ ಕಂಪ್ಯೂಟರ್ ಸಿಗುವುದಿಲ್ಲ. ತೆಗೆದ ಬಾಗಿಲು ಮಾತ್ರ ತೆಗೆದೇ ಉಳಿಯುತ್ತದೆ.

ಈ ತೊಡಕನ್ನು ನಾವು ಪ್ರಯೋಗಶಾಲೆಯಲ್ಲಿ ವಿದ್ಯುತ್ ಮಂಡಲ ಪರೀಕ್ಷಿಸುವ ಹಾಗೆಯೇ ಪರೀಕ್ಷಿಸಬಹುದು. ಬಲ್ಬು ಹತ್ತದಿದ್ದರೆ ಬ್ಯಾಟರಿ, ತಂತಿ, ಸ್ವಿಚ್ಚು, ಬಲ್ಬು ಹೀಗೆ ಒಂದೊಂದೇ ನೋಡುತ್ತೇವೆ. ಇಲ್ಲಿಯೂ ಅಷ್ಟೇ. ಆದರೆ ಮೊದಲು ಮಂಡಲ ಹೇಗಿದೆ ಅಂತ ತಿಳಿಯಬೇಕು.

ಒಳವಿಳಾಸ, ಹೊರವಿಳಾಸ

ಅಂತರಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು. ನಾವು ಹೆಚ್ಚಾಗಿ ನೋಡುವುದು ನಾಲ್ಕು ಸಂಖ್ಯೆಗಳ ವಿಳಾಸ. ಉದಾಹರಣೆಗೆ 192.168.1.20. ಒಂದೊಂದು ಸಂಖ್ಯೆಯೂ 0 ರಿಂದ 255 ರ ಒಳಗೆ ಇರುತ್ತದೆ. ಒಟ್ಟು 32 ಬಿಟ್, ಅಂದ್ರೆ 2 ರ 32 ನೇ ಘಾತ. ಲೆಕ್ಕ ಮಾಡಿದರೆ 429,49,67,296, ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. ಒಬ್ಬೊಬ್ಬರ ಹತ್ತಿರ ಫೋನು, ಟಿವಿ, ಕಂಪ್ಯೂಟರು ಬೇರೆ. ವಿಳಾಸ ಸಾಲುವುದಿಲ್ಲ ಅನ್ನುವುದು ಸ್ಪಷ್ಟ. ಜಾಗತಿಕ ಭಂಡಾರದಲ್ಲಿ ಉಳಿದಿದ್ದ ಕೊನೆಯ ವಿಳಾಸಗುಚ್ಛಗಳನ್ನು 2011 ರ ಫೆಬ್ರುವರಿ 3 ರಂದು ಹಂಚಿ ಮುಗಿಸಲಾಯಿತು.

ಈ ಕೊರತೆ ಮೊದಲೇ ಕಂಡಿತ್ತು. ಅದಕ್ಕೆ ಒಂದು ಉಪಾಯ ಮಾಡಿದರು. ಕೆಲವು ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆ, ಕಚೇರಿಯ ಒಳಗೆ ಬಳಸಬಹುದು ಎಂದು 1996 ರಲ್ಲಿ ನಿಗದಿ ಮಾಡಿದರು. 10 ರಿಂದ ಶುರುವಾಗುವವು, 172.16 ರಿಂದ 172.31 ರವರೆಗಿನವು, 192.168 ರಿಂದ ಶುರುವಾಗುವವು. ಇವು ಒಳವಿಳಾಸಗಳು. ನಿಲಂಗಾದ ಶಾಲೆಯಲ್ಲೂ 192.168.1.20 ಇರಬಹುದು, ಉದಗೀರದ ಮನೆಯಲ್ಲೂ ಇರಬಹುದು, ಟೋಕಿಯೋದಲ್ಲೂ ಇರಬಹುದು. ಹೊರಗಿನ ಅಂತರಜಾಲಕ್ಕೆ ಕಾಣುವುದು ರೌಟರಿಗೆ ಸಿಕ್ಕ ಒಂದೇ ಹೊರವಿಳಾಸ.

ಒಂದು ವಸತಿಗೃಹದ ಉದಾಹರಣೆ ತೊಗೊಳ್ಳೋಣ. ಉದಗೀರದ ಒಂದು ವಿದ್ಯಾರ್ಥಿ ವಸತಿಗೃಹ. ಅಂಚೆಯವನಿಗೆ ಗೊತ್ತಿರುವುದು ವಸತಿಗೃಹದ ವಿಳಾಸ ಮಾತ್ರ. ಕೋಣೆ ನಂಬರು ಗೊತ್ತಿಲ್ಲ. 7 ನೇ ಕೋಣೆಯ ಹುಡುಗ ಊರಿಗೆ ಪತ್ರ ಬರೆದರೆ ವಾರ್ಡನ್ ತಮ್ಮ ವಹಿಯಲ್ಲಿ "ಇಂಥ ಊರಿಗೆ ಹೋದ ಪತ್ರ, 7 ನೇ ಕೋಣೆ" ಎಂದು ಗುರುತು ಹಾಕಿಕೊಂಡು ಕಳಿಸುತ್ತಾರೆ. ಉತ್ತರ ಬಂದಾಗ ವಹಿ ನೋಡಿ 7 ನೇ ಕೋಣೆಗೆ ಮುಟ್ಟಿಸುತ್ತಾರೆ. ಆದರೆ ಯಾರೋ ಹೊರಗಿನವರು ತಾವಾಗಿಯೇ, ಹೆಸರು ಬರೆಯದೆ, ವಸತಿಗೃಹದ ವಿಳಾಸಕ್ಕೆ ಪತ್ರ ಹಾಕಿದರೆ? ವಹಿಯಲ್ಲಿ ಗುರುತಿಲ್ಲ. ಯಾವ ಕೋಣೆಗೆ ಕೊಡಬೇಕು? ವಾರ್ಡನ್ ಆ ಪತ್ರವನ್ನು ಪಕ್ಕಕ್ಕೆ ಎಸೆಯುತ್ತಾರೆ.

ರೌಟರ್ ಮಾಡುವುದೂ ಇದೇ ಕೆಲಸ. ಇದರ ಹೆಸರು ನ್ಯಾಟ್, ಅಂದ್ರೆ ವಿಳಾಸ ಬದಲಾವಣೆ. ಒಳಗಿನಿಂದ ಹೋದ ಪ್ರತಿ ಸಂಭಾಷಣೆಗೂ ಅದು ಒಂದು ಪೋರ್ಟ್ ಸಂಖ್ಯೆ ಹಾಕಿ ತನ್ನ ವಹಿಯಲ್ಲಿ ಬರೆದುಕೊಳ್ಳುತ್ತದೆ. ಉತ್ತರ ಬಂದರೆ ಸರಿಯಾದ ಯಂತ್ರಕ್ಕೆ ಕೊಡುತ್ತದೆ. ಒಳಗಿನಿಂದ ಹೊರಗೆ ಸುಲಭ, ಹೊರಗಿನಿಂದ ಒಳಗೆ ಕಷ್ಟ. ಮನೆಯಿಂದ ಶಾಲೆಯ ಕಂಪ್ಯೂಟರಿಗೆ ಹೋಗುವುದೆಂದರೆ ಹೊರಗಿನಿಂದ ಒಳಗೆ ಹೋಗುವುದು. ತೊಡಕಿನ ಮೂಲ ಇಲ್ಲಿದೆ.

"ಹೊರಗಿನಿಂದ ಇಂಥ ಸಂಖ್ಯೆಯ ಪೋರ್ಟಿಗೆ ಬಂದದ್ದನ್ನೆಲ್ಲ 7 ನೇ ಕೋಣೆಗೆ ಕೊಡಿ" ಎಂದು ವಾರ್ಡನ್‌ಗೆ ಮೊದಲೇ ಚೀಟಿ ಕೊಟ್ಟಿಡಬಹುದು. ಇದು ಪೋರ್ಟ್ ಫಾರ್ವರ್ಡಿಂಗ್. ಹಳೆಯ ಪುಸ್ತಕಗಳೆಲ್ಲ ಹೇಳುವ ಪರಿಹಾರ ಇದೇ. ಆದರೆ ಇದು ಎಲ್ಲ ಕಡೆ ನಡೆಯುವುದಿಲ್ಲ.

ವಸತಿಗೃಹದ ಹೊರಗೆ ಇನ್ನೊಂದು ಗೇಟು

ಹೊರವಿಳಾಸಗಳ ಕೊರತೆ ಹೆಚ್ಚಾದಂತೆ ಸೇವೆ ಕೊಡುವ ಕಂಪನಿಗಳೂ ಅದೇ ಉಪಾಯ ಹಿಡಿದವು. ನೂರಾರು ಗ್ರಾಹಕರ ರೌಟರುಗಳನ್ನು ತಮ್ಮದೇ ಒಂದು ದೊಡ್ಡ ನ್ಯಾಟ್‌ನ ಹಿಂದೆ ಇಟ್ಟವು. ಅಂದ್ರೆ ವಸತಿಗೃಹಕ್ಕೆ ಒಬ್ಬ ವಾರ್ಡನ್. ಅಂಥ ಹತ್ತಾರು ವಸತಿಗೃಹಗಳು ಸೇರಿದ ಆವರಣಕ್ಕೆ ಇನ್ನೊಬ್ಬ ಗೇಟ್‌ಮನ್. ಇದಕ್ಕೆ ಕ್ಯಾರಿಯರ್ ನ್ಯಾಟ್ ಅನ್ನುತ್ತಾರೆ. ಇದಕ್ಕೆಂದೇ 2012 ರ ಏಪ್ರಿಲ್‌ನಲ್ಲಿ 100.64 ರಿಂದ 100.127 ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ತೆಗೆದಿಟ್ಟರು.

ಈಗ ನಿಮ್ಮ ರೌಟರಿನಲ್ಲಿ ಎಷ್ಟೇ ಸರಿಯಾಗಿ ಪೋರ್ಟ್ ಫಾರ್ವರ್ಡಿಂಗ್ ಬರೆದರೂ ಉಪಯೋಗವಿಲ್ಲ. ವಾರ್ಡನ್‌ಗೆ ಚೀಟಿ ಕೊಟ್ಟಿದ್ದೀರಿ. ಪತ್ರ ಹೊರಗಿನ ಗೇಟಿನಲ್ಲೇ ನಿಂತಿದೆ. ಆ ಗೇಟ್‌ಮನ್ ನಿಮ್ಮ ಮಾತು ಕೇಳುವುದಿಲ್ಲ. ಮೊಬೈಲ್ ಸಿಮ್ ಹಾಕಿದ ರೌಟರುಗಳಲ್ಲಿ ಇದು ಸಾಮಾನ್ಯ. ಫೈಬರ್ ಸಂಪರ್ಕಗಳಲ್ಲೂ, ಊರಿನ ಕೇಬಲ್‌ನವರು ಕೊಡುವ ಸಂಪರ್ಕಗಳಲ್ಲೂ ಇರುತ್ತದೆ. ಇದನ್ನು ಪತ್ತೆ ಹಚ್ಚಲು ಎರಡು ನಿಮಿಷ ಸಾಕು. ಪತ್ತೆ ಹಚ್ಚದೆ ಇದ್ದರೆ ಎರಡು ರವಿವಾರ ಹಾಳಾಗುತ್ತವೆ. ಹಾಗಾಗಿ ಬೇರೇನೂ ಮುಟ್ಟುವ ಮೊದಲು ಈ ಪರೀಕ್ಷೆ ಮಾಡಿ:

ಶಾಲೆಯ ರೌಟರಿನ ಸೆಟ್ಟಿಂಗ್ ಪುಟ ತೆರೆಯಿರಿ. ಅದರ ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೌಟರಿನ ತಳದಲ್ಲಿ ಅಂಟಿಸಿದ ಚೀಟಿಯ ಮೇಲೆ ಇರುತ್ತದೆ. ಅಲ್ಲಿ ವ್ಯಾನ್ ಅಥವಾ ಇಂಟರ್‌ನೆಟ್ ಸ್ಟೇಟಸ್ ಅನ್ನುವ ಕಡೆ ಒಂದು ಐಪಿ ವಿಳಾಸ ಕಾಣುತ್ತದೆ. ಅದನ್ನು ಬರೆದುಕೊಳ್ಳಿ. ಆಮೇಲೆ ಅದೇ ವೈಫೈಯಲ್ಲಿ ಬ್ರೌಸರ್ ತೆರೆದು "ನನ್ನ ಐಪಿ ವಿಳಾಸ ಯಾವುದು" ಎಂದು ಹುಡುಕಿ. ಹೊರಗಿನ ಜಗತ್ತಿಗೆ ನೀವು ಯಾವ ವಿಳಾಸದಿಂದ ಕಾಣುತ್ತೀರಿ ಅಂತ ತೋರಿಸುವ ತಾಣಗಳು ಸಿಗುತ್ತವೆ. ಎರಡನ್ನೂ ಹೋಲಿಸಿ.

ಎರಡೂ ಒಂದೇ ಆಗಿದ್ದರೆ ನಿಮಗೆ ನಿಜವಾದ ಹೊರವಿಳಾಸ ಇದೆ. ಬೇರೆಬೇರೆ ಇದ್ದು, ರೌಟರಿನಲ್ಲಿ ಕಂಡದ್ದು 100.64 ಮತ್ತು 100.127 ರ ನಡುವೆ ಇದ್ದರೆ ನೀವು ಕಂಪನಿಯ ಗೇಟಿನ ಹಿಂದೆ ಇದ್ದೀರಿ. 10, 172.16 ಅಥವಾ 192.168 ರಿಂದ ಶುರುವಾಗಿದ್ದರೆ ಎರಡು ಸಾಧ್ಯತೆ: ಒಂದೋ ಕಂಪನಿಯ ನ್ಯಾಟ್, ಇಲ್ಲವೇ ಶಾಲೆಯಲ್ಲೇ ಎರಡು ರೌಟರುಗಳು ಒಂದರ ಹಿಂದೆ ಒಂದು ಇವೆ. ಫೈಬರ್‌ನವರು ಕೊಟ್ಟ ಪೆಟ್ಟಿಗೆಯೂ ರೌಟರೇ. ಅದಕ್ಕೆ ಹಳೆಯ ರೌಟರ್ ಜೋಡಿಸಿದರೆ ಹೀಗಾಗುತ್ತದೆ. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮಾಡಿದರೆ ಒಂದು ಗಂಟು ಬಿಚ್ಚುತ್ತದೆ.

ಒಂದೊಂದೇ ಹಂತ

ವಿಳಾಸದ ಸ್ಥಿತಿ ಗೊತ್ತಾದ ಮೇಲೆ ಉಳಿದದ್ದನ್ನು ಒಳಗಿನಿಂದ ಹೊರಗೆ ಕ್ರಮವಾಗಿ ನೋಡಿ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಾವಣೆಯಾದ ಕೂಡಲೇ ಪರೀಕ್ಷೆ, ಎರಡನ್ನೂ ವಹಿಯಲ್ಲಿ ಬರೆಯುವುದು. ಹತ್ತನೇ ತರಗತಿಯ ಮಕ್ಕಳಿಗೆ ಪ್ರಯೋಗದಲ್ಲಿ ಚರಾಂಶ ಬದಲಿಸುವುದನ್ನು ನಾವೇ ಹೀಗೆ ಕಲಿಸುತ್ತೇವೆ.

1. ಕಂಪ್ಯೂಟರ್ ಎಚ್ಚರವಾಗಿದೆಯೇ? ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗಿ ಬರುವುದು ಹೊಸದಲ್ಲ. ಕರೆಂಟು ಹೋದರೆ ಕಂಪ್ಯೂಟರ್ ಬಂದ್ ಆಗುತ್ತದೆ; ಬಂದ ಮೇಲೆ ತಾನಾಗಿ ಶುರುವಾಗುವುದಿಲ್ಲ. ಅನೇಕ ಡೆಸ್ಕ್‌ಟಾಪ್‌ಗಳ ಬಯೋಸ್‌ನಲ್ಲಿ "ವಿದ್ಯುತ್ ಮರಳಿದಾಗ ಶುರುವಾಗು" ಅನ್ನುವ ಅರ್ಥದ ಆಯ್ಕೆ ಇರುತ್ತದೆ. ಅದನ್ನು ಹಚ್ಚಿ. ಜೊತೆಗೆ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು "ಎಂದೂ ಬೇಡ" ಎಂದು ಇಡಿ. ನಿದ್ದೆ ಹೋದ ಕಂಪ್ಯೂಟರ್ ಯಾರ ಕರೆಗೂ ಓಗೊಡುವುದಿಲ್ಲ. ಪರದೆ ಮಾತ್ರ ಆರಲಿ, ತೊಂದರೆ ಇಲ್ಲ. ಕಂಪ್ಯೂಟರಿನ ಜೊತೆ ರೌಟರಿಗೂ ಯುಪಿಎಸ್ ಬೇಕು. ಕಂಪ್ಯೂಟರ್ ಜೀವಂತ ಇದ್ದು ರೌಟರ್ ಸತ್ತರೆ ದೂರದಿಂದ ನೋಡುವವರಿಗೆ ಎರಡೂ ಒಂದೇ.

2. ಅದೇ ಕೋಣೆಯಿಂದ ಸಿಗುತ್ತದೆಯೇ? ಶಾಲೆಯ ವೈಫೈಯಲ್ಲೇ ಇರುವ ಇನ್ನೊಂದು ಲ್ಯಾಪ್‌ಟಾಪಿನಿಂದ ಪ್ರಯತ್ನಿಸಿ. ಇಲ್ಲಿಯೇ ಸಿಗದಿದ್ದರೆ ದೋಷ ರೌಟರಿನಲ್ಲಿ ಹುಡುಕಬೇಡಿ. ಅದು ಹೆಚ್ಚಾಗಿ ಕಂಪ್ಯೂಟರಿನಲ್ಲೇ ಇದೆ. ವಿಂಡೋಸ್ ಹೋಮ್ ಆವೃತ್ತಿಯ ಕಂಪ್ಯೂಟರ್ ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬೇರೆಯವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಅದಕ್ಕೆ ಪ್ರೋ ಆವೃತ್ತಿ ಬೇಕು. ಸಿಸ್ಟಂ ಮಾಹಿತಿಯ ಪುಟದಲ್ಲಿ ಆವೃತ್ತಿಯ ಹೆಸರು ಬರೆದಿರುತ್ತದೆ. ಪಾಸ್‌ವರ್ಡ್ ಇಲ್ಲದ ಖಾತೆಗೂ ಪ್ರವೇಶವಿಲ್ಲ. ನೆಟ್‌ವರ್ಕ್ ಬಗೆ ಪಬ್ಲಿಕ್ ಎಂದು ಇದ್ದರೆ ಫೈರ್‌ವಾಲ್ ಬಿಗಿಯಾಗಿರುತ್ತದೆ. ಶಾಲೆಯ ನಂಬಿಕೆಯ ಜಾಲವಾದರೆ ಪ್ರೈವೇಟ್ ಎಂದು ಬದಲಿಸಿ. ಫೈರ್‌ವಾಲನ್ನು ಪೂರ್ತಿ ಬಂದ್ ಮಾಡುವ ಅಗತ್ಯವಿಲ್ಲ. ಬೇಕಾದ ತಂತ್ರಾಂಶಕ್ಕೆ ಮಾತ್ರ ಅನುಮತಿ ಕೊಟ್ಟರೆ ಸಾಕು.

3. ಒಳವಿಳಾಸ ಬದಲಾಗಿದೆಯೇ? ರೌಟರ್ ಒಳವಿಳಾಸಗಳನ್ನು ಕೆಲವು ಕಾಲಕ್ಕೆ ಮಾತ್ರ ಕೊಡುತ್ತದೆ. ನಿನ್ನೆ 192.168.1.20 ಇದ್ದದ್ದು ಇಂದು 192.168.1.23 ಆಗಿರಬಹುದು. ಆಗ ಹಳೆಯ ಸಂಖ್ಯೆಗೆ ಬರೆದ ಚೀಟಿ ಬೇರೆ ಯಂತ್ರಕ್ಕೆ ಹೋಗುತ್ತದೆ. ರೌಟರಿನ ಅಡ್ರೆಸ್ ರಿಸರ್ವೇಶನ್‌ನಲ್ಲಿ ಶಾಲೆಯ ಕಂಪ್ಯೂಟರಿಗೆ ಒಂದು ಸಂಖ್ಯೆ ಕಾಯಂ ಮಾಡಿ. ಕಂಪ್ಯೂಟರಿನಲ್ಲಿ 169.254 ರಿಂದ ಶುರುವಾಗುವ ವಿಳಾಸ ಕಂಡರೆ ಅದಕ್ಕೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ. ಕೇಬಲ್, ವೈಫೈ ನೋಡಿ.

4. ಹೊರವಿಳಾಸ ಬದಲಾಗಿದೆಯೇ? ನಿಜವಾದ ಹೊರವಿಳಾಸ ಇದ್ದರೂ ರೌಟರ್ ಮತ್ತೆ ಶುರುವಾದಾಗ ಹೊಸದು ಬರಬಹುದು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಭಾಗದವರಿಗೆ ಕಷ್ಟವಿಲ್ಲ. ಉದಗೀರ, ನಿಲಂಗಾ 1956 ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1982 ರಲ್ಲಿ ಲಾತೂರ ಜಿಲ್ಲೆಯಾಯಿತು, ಅಲ್ಲಿಗೆ ಬಂದವು. ಉಮರಗಾ ಇರುವ ಉಸ್ಮಾನಾಬಾದ ಜಿಲ್ಲೆಯ ಹೆಸರು 2023 ರಲ್ಲಿ ಧಾರಾಶಿವ ಆಯಿತು. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಬದಲಾಗುತ್ತ ಬಂತು. ಕಂಪ್ಯೂಟರಿಗೂ ಹಾಗೆಯೇ. ಇದಕ್ಕೆ ಡೈನಾಮಿಕ್ ಡಿಎನ್‌ಎಸ್ ಅನ್ನುವ ಸೇವೆ ಇದೆ: ಒಂದು ಹೆಸರು ಕೊಡುತ್ತದೆ, ವಿಳಾಸ ಬದಲಾದಾಗಲೆಲ್ಲ ಆ ಹೆಸರಿನ ಎದುರು ಹೊಸ ವಿಳಾಸ ಬರೆದುಕೊಳ್ಳುತ್ತದೆ. ಆದರೆ ಕಂಪನಿಯ ನ್ಯಾಟ್ ಹಿಂದೆ ಇರುವವರಿಗೆ ಇದರಿಂದ ಪ್ರಯೋಜನವಿಲ್ಲ.

5. ನಿಜವಾಗಿಯೂ ಹೊರಗಿನಿಂದ ಪರೀಕ್ಷಿಸುತ್ತಿದ್ದೀರಾ? ಶಾಲೆಯ ವೈಫೈಯಲ್ಲಿ ಕೂತು ಶಾಲೆಯ ಹೊರವಿಳಾಸಕ್ಕೆ ಕರೆ ಮಾಡಿದರೆ ಕೆಲವು ರೌಟರುಗಳು ಅದನ್ನು ಒಳಗೇ ತಿರುಗಿಸುತ್ತವೆ, ಕೆಲವು ಬಿಡುವುದಿಲ್ಲ. ಎರಡೂ ದಾರಿ ತಪ್ಪಿಸುತ್ತವೆ. ಫೋನಿನ ವೈಫೈ ತೆಗೆದು ಮೊಬೈಲ್ ಡೇಟಾದಿಂದ ಪರೀಕ್ಷಿಸಿ.

6. ಮನೆಯ ರೌಟರ್ ಅಡ್ಡ ಬರುತ್ತಿದೆಯೇ? ಇದು ವಿಪಿಎನ್ ಬಳಸುವವರಿಗೆ ಬರುವ ವಿಚಿತ್ರ ತೊಡಕು. ವಿಪಿಎನ್ ಜೋಡಣೆಯಾಗಿದೆ ಎಂದು ಹಸಿರು ದೀಪ ತೋರಿಸುತ್ತದೆ, ಆದರೂ ಶಾಲೆಯ 192.168.1.20 ಸಿಗುವುದಿಲ್ಲ. ಕಾರಣ, ಮನೆಯ ಜಾಲವೂ 192.168.1 ರಿಂದಲೇ ಶುರುವಾಗುತ್ತದೆ. ನಿಮ್ಮ ಲ್ಯಾಪ್‌ಟಾಪು "192.168.1.20 ಅಂದ್ರೆ ಈ ಮನೆಯೊಳಗಿನದೇ" ಎಂದು ತಿಳಿದು ಪಕ್ಕದ ಕೋಣೆಯಲ್ಲಿ ಹುಡುಕುತ್ತದೆ. ಎರಡು ಕಡೆಯಲ್ಲಿ ಒಂದು ಕಡೆಯ ಜಾಲವನ್ನು ಬದಲಿಸಿ: ಮನೆಯದನ್ನು 192.168.57 ಎಂದೋ ಬೇರೆ ಯಾವುದೋ ಸಂಖ್ಯೆ ಎಂದೋ ಇಟ್ಟರೆ ತೊಡಕು ಬಿಡಿಸುತ್ತದೆ. ಕೈಯಿಂದ ವಿಳಾಸ ಕೊಟ್ಟ ಪ್ರಿಂಟರ್ ಇದ್ದರೆ ಅದಕ್ಕೂ ಹೊಸ ಸಂಖ್ಯೆ ಕೊಡಬೇಕಾಗುತ್ತದೆ.

ಈ ಆರರಲ್ಲಿ ಯಾವ ಹಂತದಲ್ಲಿ ಪತ್ರ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

3389 ಅನ್ನುವ ಬಾಗಿಲು

ನಿಮಗೆ ನಿಜವಾದ ಹೊರವಿಳಾಸ ಇದೆ ಎಂದುಕೊಳ್ಳಿ. ಆಗ ಮನಸ್ಸಿಗೆ ಬರುವ ಸುಲಭದ ದಾರಿ, ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ನೇ ಪೋರ್ಟನ್ನು ಹೊರಗಿನವರಿಗೆ ತೆರೆದಿಡುವುದು. ಇದನ್ನು ಮಾಡಬೇಡಿ.

ಅಂತರಜಾಲದ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟಿ ಯಾವ ಬಾಗಿಲು ತೆರೆದಿದೆ ಎಂದು ನೋಡುವ ಯಂತ್ರಗಳು ಹಗಲು ರಾತ್ರಿ ಓಡುತ್ತಿರುತ್ತವೆ. 429 ಕೋಟಿ ಮನುಷ್ಯನಿಗೆ ದೊಡ್ಡ ಸಂಖ್ಯೆ, ಯಂತ್ರಕ್ಕೆ ಅಲ್ಲ. ನಿಮ್ಮ ಶಾಲೆ ಚಿಕ್ಕದು, ಹಳ್ಳಿಯದು ಎಂದು ಅವು ಬಿಡುವುದಿಲ್ಲ. ಅವು ಹೆಸರು ನೋಡುವುದಿಲ್ಲ, ಸಂಖ್ಯೆ ನೋಡುತ್ತವೆ. ತೆರೆದ ಬಾಗಿಲು ಸಿಕ್ಕರೆ ಸಾವಿರಾರು ಪಾಸ್‌ವರ್ಡ್‌ಗಳನ್ನು ಹಾಕಿ ನೋಡುತ್ತವೆ. ಶಾಲೆಯ ಹೆಸರು ಮತ್ತು 123 ಎಂಬ ಪಾಸ್‌ವರ್ಡ್ ಅಲ್ಲಿ ನಿಲ್ಲುವುದಿಲ್ಲ.

ಒಮ್ಮೊಮ್ಮೆ ಪಾಸ್‌ವರ್ಡೂ ಬೇಕಾಗುವುದಿಲ್ಲ. 2019 ರ ಮೇ 14 ರಂದು ಮೈಕ್ರೋಸಾಫ್ಟ್ ತನ್ನ ರಿಮೋಟ್ ಡೆಸ್ಕ್‌ಟಾಪ್ ಸೇವೆಯ ಒಂದು ದೊಡ್ಡ ದೋಷಕ್ಕೆ ತೇಪೆ ಹೊರಡಿಸಿತು. ಬ್ಲೂಕೀಪ್ ಎಂದು ಹೆಸರಾದ ಆ ದೋಷದಿಂದ ಖಾತೆ, ಪಾಸ್‌ವರ್ಡ್ ಇಲ್ಲದೆಯೇ ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯ ಕಂಪ್ಯೂಟರಿನೊಳಗೆ ನುಗ್ಗಬಹುದಿತ್ತು. ದೋಷ ಎಷ್ಟು ಗಂಭೀರವಾಗಿತ್ತೆಂದರೆ, ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಕಂಪನಿ ತೇಪೆ ಕೊಟ್ಟಿತು. ವಿಂಡೋಸ್ 7 ರ ಬೆಂಬಲ 2020 ರ ಜನವರಿ 14 ಕ್ಕೆ, ವಿಂಡೋಸ್ 10 ರ ಸಾಮಾನ್ಯ ಬೆಂಬಲ 2025 ರ ಅಕ್ಟೋಬರ್ 14 ಕ್ಕೆ ಮುಗಿದಿದೆ. ಶಾಲೆಗಳಲ್ಲಿ ಹಳೆಯ ಯಂತ್ರಗಳೇ ಹೆಚ್ಚು. ತೇಪೆ ಬೀಳದ ಯಂತ್ರದ ಬಾಗಿಲನ್ನು ಬೀದಿಗೆ ತೆರೆದಿಡಲಾಗದು.

3389 ರ ಬದಲು ಬೇರೆ ಸಂಖ್ಯೆ ಇಟ್ಟರೆ ಸಾಕು ಅನ್ನುವವರಿದ್ದಾರೆ. ಇರುವ ಪೋರ್ಟುಗಳು ಒಟ್ಟು 65,536. ಹುಡುಕುವ ಯಂತ್ರ ಅವನ್ನೂ ತಟ್ಟುತ್ತದೆ. ಬಾಗಿಲಿನ ಜಾಗ ಬದಲಿಸುವುದು ಬೀಗ ಹಾಕಿದ ಹಾಗಲ್ಲ.

ಆ ಕಂಪ್ಯೂಟರಿನಲ್ಲಿ ಏನಿದೆ ಅಂತ ಒಂದು ಸಲ ಯೋಚಿಸಿ. ಮಕ್ಕಳ ಹೆಸರು, ಜನ್ಮದಿನಾಂಕ, ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರದ ಪ್ರತಿ, ಪಾಲಕರ ಬ್ಯಾಂಕ್ ಖಾತೆ, ಫೋನ್ ನಂಬರು. ವಿದ್ಯಾರ್ಥಿವೇತನದ ಅರ್ಜಿಗಾಗಿ ನಂಬಿಕೆಯಿಂದ ಕೊಟ್ಟದ್ದು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಹದಿನೈದು ವರ್ಷದ ಪ್ರಶ್ನಪತ್ರಿಕೆಗಳೂ ಹೋಗುತ್ತವೆ. ನಮ್ಮ ಅನುಕೂಲಕ್ಕಾಗಿ ತೆರೆದ ಬಾಗಿಲಿನ ಬೆಲೆಯನ್ನು ಮಕ್ಕಳ ಮನೆಯವರು ಕೊಡುವಂತೆ ಆಗಬಾರದು.

ದಿಕ್ಕು ತಿರುಗಿಸಿದರೆ ದಾರಿ ಸಿಗುತ್ತದೆ

ಹೊರಗಿನಿಂದ ಒಳಗೆ ಕಷ್ಟ, ಒಳಗಿನಿಂದ ಹೊರಗೆ ಸುಲಭ ಎಂದು ನೋಡಿದೆವು. ಹಾಗಾದರೆ ಶಾಲೆಯ ಕಂಪ್ಯೂಟರೇ ಮೊದಲು ಹೊರಗೆ ಕರೆ ಮಾಡಲಿ. ಇಂದಿನ ಬಹುತೇಕ ದೂರಪ್ರವೇಶ ತಂತ್ರಾಂಶಗಳ ಗುಟ್ಟು ಇಷ್ಟೇ.

ಶಾಲೆಯ ಕಂಪ್ಯೂಟರಿನಲ್ಲಿ ಹಾಕಿದ ತಂತ್ರಾಂಶ ನಡುವಿನ ಒಂದು ಸರ್ವರಿಗೆ ಕರೆ ಮಾಡಿ "ನಾನು ಇಲ್ಲಿದ್ದೇನೆ" ಎಂದು ಹೇಳಿಕೊಂಡು ಕಾಯುತ್ತದೆ. ವಾರ್ಡನ್‌ನ ವಹಿಯಲ್ಲೂ ಗೇಟ್‌ಮನ್‌ನ ವಹಿಯಲ್ಲೂ ಗುರುತು ಬೀಳುತ್ತದೆ. ಮನೆಯಿಂದ ನೀವೂ ಅದೇ ಸರ್ವರಿಗೆ ಕರೆ ಮಾಡುತ್ತೀರಿ. ಸರ್ವರ್ ಇಬ್ಬರಿಗೂ ಪರಸ್ಪರರ ವಿಳಾಸ, ಪೋರ್ಟ್ ತಿಳಿಸುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಒಬ್ಬರಿಗೊಬ್ಬರು ಪತ್ರ ಹಾಕುತ್ತಾರೆ. ಎರಡೂ ಕಡೆಯ ವಾರ್ಡನ್‌ಗಳಿಗೆ ಬಂದದ್ದು ಉತ್ತರದಂತೆ ಕಾಣುತ್ತದೆ, ಒಳಗೆ ಬಿಡುತ್ತಾರೆ. ಇದಾಗದಿದ್ದರೆ ಸರ್ವರೇ ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸುತ್ತದೆ. ಹಾಗೆ ದಾಟಿಸುವಾಗ ವೇಗ ಸ್ವಲ್ಪ ಕಡಿಮೆ. ರೌಟರಿನಲ್ಲಿ ಏನೂ ಬದಲಿಸಬೇಕಿಲ್ಲ, ಕಂಪನಿಯ ನ್ಯಾಟ್ ಇದ್ದರೂ ನಡೆಯುತ್ತದೆ.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹೀಗೆ ಕೆಲಸ ಮಾಡುತ್ತದೆ. ಅದಕ್ಕೆ ಹಣ ಬೇಡ, ವಿಂಡೋಸ್ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಮುಕ್ತ ತಂತ್ರಾಂಶವಾದ ರಸ್ಟ್‌ಡೆಸ್ಕ್ ಇದೆ. ಟೇಲ್‌ಸ್ಕೇಲ್‌ನಂಥವು ಇದೇ ಉಪಾಯದಿಂದ ಮನೆಗೂ ಶಾಲೆಗೂ ನಡುವೆ ಒಂದು ಖಾಸಗಿ ಜಾಲ ಹೆಣೆಯುತ್ತವೆ. ಅದರೊಳಗೆ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪನ್ನು ಬೀದಿಗೆ ತೆರೆಯದೆ ಬಳಸಬಹುದು. ಯಾವುದನ್ನೇ ಹಾಕಿದರೂ ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಉದ್ದನೆಯ ಪಾಸ್‌ವರ್ಡ್ ಇಡಿ, ಎರಡು ಹಂತದ ಪರಿಶೀಲನೆ ಹಚ್ಚಿ.

ಪರದೆ ತಡೆತಡೆದು ಬಂದರೆ ಶಾಲೆಯ ಕಡೆಯ ಅಪ್‌ಲೋಡ್ ವೇಗ ನೋಡಿ. ಪರದೆಯ ಚಿತ್ರ ಅಲ್ಲಿಂದ ಏರಿ ಬರಬೇಕು. ನಿಮ್ಮ ಮನೆಯ ಡೌನ್‌ಲೋಡ್ ಎಷ್ಟೇ ಇದ್ದರೂ ಅದು ನೆರವಾಗದು. ಪರದೆಯ ರೆಸಲ್ಯೂಶನ್ ಕಡಿಮೆ ಮಾಡಿದರೆ, ಹಿನ್ನೆಲೆಯ ಚಿತ್ರ ತೆಗೆದರೆ ಹಗುರಾಗುತ್ತದೆ.

ಇನ್ನೆರಡು ದಾರಿಗಳೂ ಇವೆ. ಕಂಪನಿಗೆ ಹೆಚ್ಚು ಹಣ ಕೊಟ್ಟು ಕಾಯಂ ಹೊರವಿಳಾಸ ಕೇಳಬಹುದು. ಕೊಟ್ಟರೆ ವಿಪಿಎನ್ ಹಾಕಿಕೊಂಡೇ ಬಳಸಿ. ಎರಡನೆಯದು ಐಪಿವಿ6. ಇದರ ವಿಳಾಸ 128 ಬಿಟ್‌ನದು, ಕೊರತೆಯ ಮಾತೇ ಇಲ್ಲ. ಒಳಗಿನ ಪ್ರತಿ ಯಂತ್ರಕ್ಕೂ ಸ್ವಂತ ಹೊರವಿಳಾಸ ಸಿಗುತ್ತದೆ, ನ್ಯಾಟ್ ಬೇಕಿಲ್ಲ. ನಮ್ಮ ದೇಶದಲ್ಲಿ ಇದರ ಬಳಕೆ ಬಹಳ ಬೆಳೆದಿದೆ. ಆದರೆ ಎರಡೂ ಕಡೆ ಐಪಿವಿ6 ಇರಬೇಕು, ರೌಟರಿನ ಫೈರ್‌ವಾಲ್ ದಾಟಬೇಕು. ತೆರೆದ ಬಾಗಿಲಿನ ಅಪಾಯ ಇಲ್ಲಿಯೂ ಅದೇ.

ಯಾರ ಅಪ್ಪಣೆ, ಯಾರ ಕೈ

ದೂರಪ್ರವೇಶದ ತಂತ್ರಾಂಶವೇ ಮೋಸಗಾರರ ಆಯುಧವೂ ಹೌದು. ಬ್ಯಾಂಕಿನವರು ಎಂದು ಫೋನ್ ಮಾಡಿ, ಎನಿಡೆಸ್ಕ್ ಹಾಕಿಸಿ, ಖಾತೆಯಿಂದ ಹಣ ತೆಗೆಯುವ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2019 ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ತಂತ್ರಾಂಶ ಕೆಟ್ಟದ್ದಲ್ಲ, ಸಂಖ್ಯೆಯನ್ನು ಅಪರಿಚಿತರಿಗೆ ಹೇಳುವುದು ಕೆಟ್ಟದ್ದು. "ಸಂಬಳದ ಮಾಹಿತಿ ಸರಿ ಮಾಡ್ತೀವಿ, ನಿಮ್ಮ ಕಂಪ್ಯೂಟರಿನ ಕೋಡ್ ಹೇಳ್ರಿ" ಎಂದು ಯಾರೇ ಕೇಳಿದರೂ ಹೇಳಬೇಡಿ. ಮೋಸವಾದರೆ ತಡಮಾಡದೆ 1930 ಕ್ಕೆ ಫೋನ್ ಮಾಡಿ.

ಶಾಲೆಯ ಕಂಪ್ಯೂಟರ್ ನಮ್ಮ ಸ್ವಂತದ್ದಲ್ಲ. ಮುಖ್ಯಾಧ್ಯಾಪಕರ ಲಿಖಿತ ಅಪ್ಪಣೆ ತೊಗೊಂಡು, ಯಾರು ಯಾರಿಗೆ ಪ್ರವೇಶ ಇದೆ ಎಂದು ವಹಿಯಲ್ಲಿ ಬರೆದಿಡಿ. ವರ್ಗಾವಣೆಯಾಗಿ ಹೋದವರ ಪ್ರವೇಶವನ್ನು ಅಂದೇ ತೆಗೆಯಿರಿ. ನೀವು ಮನೆಯಿಂದ ಕೆಲಸ ಮಾಡುವಾಗ ಅಲ್ಲಿನ ಪರದೆ ಆಫೀಸಿನಲ್ಲಿದ್ದವರಿಗೆ ಕಾಣಬಹುದು, ಪ್ರಶ್ನಪತ್ರಿಕೆಯಾದರೆ ಅದನ್ನೂ ನೆನಪಿಡಿ.

ಇನ್ನೊಂದು ಮಾತು. ಹಳೆಯ ಫಾಂಟಿನ ಕಡತಗಳಿಗಾಗಿ ಮಾತ್ರ ಆ ಕಂಪ್ಯೂಟರ್ ಬೇಕಾಗಿದ್ದರೆ, ನಿಜವಾದ ಪರಿಹಾರ ಅವನ್ನು ಯೂನಿಕೋಡಿಗೆ ಬದಲಿಸುವುದು. ನುಡಿಯಲ್ಲೇ ಪರಿವರ್ತಕ ಇದೆ. ರಜೆಯಲ್ಲಿ ದಿನಕ್ಕೆ ಹತ್ತು ಕಡತ ಬದಲಿಸಿ, ಒತ್ತಕ್ಷರ, ಗಣಿತದ ಚಿಹ್ನೆ ತಿದ್ದಿ ಇಟ್ಟರೆ ಅವು ಯಾವ ಫೋನಿನಲ್ಲೂ ತೆರೆಯುತ್ತವೆ.

ತರಗತಿಯಲ್ಲಿ ಮಾಡಿ ನೋಡಿ

ಎಂಟನೇ ತರಗತಿಗೆ 40 ನಿಮಿಷದ ಆಟ. ಮಕ್ಕಳನ್ನು ಮೂರು ಗುಂಪು ಮಾಡಿ: ಉಮರಗಾ, ನಿಲಂಗಾ, ಉದಗೀರ. ಪ್ರತಿ ಗುಂಪಿನಲ್ಲೂ ಮಕ್ಕಳಿಗೆ 1, 2, 3 ಎಂದು ಅದೇ ಸಂಖ್ಯೆಗಳು. ಪ್ರತಿ ಗುಂಪಿಗೆ ಒಬ್ಬ ರೌಟರ್, ಅವನ ಕೈಯಲ್ಲಿ ಒಂದು ವಹಿ. ನಿಯಮ: ಗುಂಪಿನ ಹೊರಗೆ ಚೀಟಿ ಕೊಡುವುದು ರೌಟರ್ ಮಾತ್ರ, ಚೀಟಿಯ ಮೇಲೆ ಹಾಕುವುದು ಊರಿನ ಹೆಸರು ಮತ್ತು ತಾನು ಕೊಟ್ಟ ಕ್ರಮಸಂಖ್ಯೆ. ಉತ್ತರ ಬಂದರೆ ವಹಿ ನೋಡಿ ಒಳಗೆ ಕೊಡಬೇಕು, ಗುರುತಿಲ್ಲದ್ದನ್ನು ಹರಿದು ಹಾಕಬೇಕು.

ಮೊದಲು ಗುರುಗಳೇ ಸರ್ವರ್ ಆಗಿ ಎಲ್ಲರ ಪ್ರಶ್ನೆಗೂ ಉತ್ತರ ಕಳಿಸಲಿ. ಎಲ್ಲವೂ ಮುಟ್ಟುತ್ತವೆ. ಆಮೇಲೆ ಉದಗೀರದ 2 ನೇ ಹುಡುಗಿ ನಿಲಂಗಾದ 2 ನೇ ಹುಡುಗನಿಗೆ ನೇರವಾಗಿ ಚೀಟಿ ಕಳಿಸಲಿ. ಎಲ್ಲಿ ನಿಲ್ಲುತ್ತದೆ, ಯಾಕೆ? ಮಕ್ಕಳೇ ಹೇಳಲಿ. ಮೂರನೆಯ ಸುತ್ತಿನಲ್ಲಿ ಮೂರೂ ರೌಟರುಗಳ ಮುಂದೆ ಒಬ್ಬ ಕಂಪನಿ ಗೇಟ್‌ಮನ್ ನಿಲ್ಲಿಸಿ. ಕೊನೆಗೆ "ಗುರುಗಳ ಮೂಲಕ ಇಬ್ಬರೂ ಮಾತಾಡಲು ದಾರಿ ಇದೆಯೇ?" ಎಂದು ಕೇಳಿ. ದಿಕ್ಕು ತಿರುಗಿಸುವ ಉಪಾಯವನ್ನು ಯಾರಾದರೂ ಒಬ್ಬರು ತಾವಾಗಿಯೇ ಹೇಳುವವರೆಗೆ ಕಾಯಿರಿ. ಗಣಿತದ ತಾಸಿನಲ್ಲಿ 2 ರ 32 ನೇ ಘಾತವನ್ನು ಕ್ಯಾಲ್ಕುಲೇಟರ್ ಇಲ್ಲದೆ, ಐದೇ ಸಲ ವರ್ಗ ಮಾಡಿ ತೆಗೆಯಿಸಿ: 4, 16, 256, 65,536, ಆಮೇಲೆ 429 ಕೋಟಿ.

ಓದುಗ ಶಿಕ್ಷಕರಲ್ಲಿ ಒಂದು ವಿನಂತಿ. ನಿಮ್ಮ ಶಾಲೆಯಲ್ಲೂ ಮನೆಯಲ್ಲೂ ಎರಡು ನಿಮಿಷದ ವಿಳಾಸ ಪರೀಕ್ಷೆ ಮಾಡಿ ಫಲಿತಾಂಶ ನಮಗೆ ಬರೆದು ಕಳಿಸಿ. ಪೂರ್ತಿ ವಿಳಾಸ ಬರೆಯಬೇಡಿ. "ನಿಜವಾದ ಹೊರವಿಳಾಸ", "ಕಂಪನಿಯ ನ್ಯಾಟ್", "ಎರಡು ರೌಟರ್" ಈ ಮೂರರಲ್ಲಿ ಯಾವುದು, ತಾಲೂಕು ಯಾವುದು, ಸಂಪರ್ಕ ಫೈಬರೋ ಸಿಮ್ಮೋ ಎಂದಷ್ಟೇ ಸಾಕು. ಮೂರೂ ತಾಲೂಕುಗಳ ಪಟ್ಟಿ ಒಂದು ಕಡೆ ಬಂದರೆ ಯಾವ ಸಂಪರ್ಕದವರು ಯಾವ ದಾರಿ ಹಿಡಿಯಬೇಕು ಅಂತ ಮುಂದಿನ ಸಂಚಿಕೆಯಲ್ಲಿ ನಮ್ಮದೇ ಅಂಕಿಗಳ ಮೇಲೆ ಹೇಳಬಹುದು.